ನಾಲ್ಕು ನಿಂಬೆಹಣ್ಣು

ಪೂಜೆ ಮುಗಿಸಿಕೊಂಡು ಬಂದ ಹೊಸ ಭಾರಿ ಕಾರೊಂದು ದಿಬ್ಬದ ನೆತ್ತಿಯಲ್ಲಿ ರೋಡ್ ರೋಲರಿನ ಹಿಂದೆ ನಿಲ್ಲಬೇಕಾಯಿತು. ಅಲ್ಲಿ ಡಾಂಬರು ಹಾಕುತ್ತಿದ್ದರು. ಕಾರಿನ ಮಾಲೀಕ ಷಡಕ್ಷರಪ್ಪ ಒಳಗೆ ಕೂತು ಹಾರ್ನ್ ಒತ್ತುತ್ತಲೇ ಇದ್ದ.

"ಜರುಗಯ್ಯಾ ಮುದುಕ," ಎಂದಿತು ಕಾರು. "ನನ್ನ ತೂಕ ಎರಡೂವರೆ ಟನ್. ನನಗೆ ತಾಗಿದವರೇ ಪುಡಿಯಾಗುತ್ತಾರೆ."

"ನನ್ನದು ಎಂಟು ಟನ್," ಎಂದಿತು ರೋಲರ್. "ಅದಕ್ಕೇ ನಿಧಾನವಾಗಿ ಹೋಗುತ್ತೇನೆ. ಮುಂದೆ ಇಳಿಜಾರು, ಆಮೇಲೆ ತಿರುವು. ಅಲ್ಲಿ ನೀನು ನಿಲ್ಲಬೇಕೆಂದರೂ ನಿನ್ನ ತೂಕ ನಿಲ್ಲಗೊಡುವುದಿಲ್ಲ."

"ನಿನಗೆ ಯಾರೂ ಪೂಜೆ ಮಾಡಿಸಿಲ್ಲವೆಂದು ಕಾಣುತ್ತದೆ. ಬೆಳಿಗ್ಗೆ ತಾನೇ ನನ್ನ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾರೆ. ನನಗೇನೂ ಆಗದು."

"ಎಷ್ಟು ವೇಗದಲ್ಲಿ ಹತ್ತಿದೆ?"

"ಪೂಜೆಯ ಹೊತ್ತಿನಲ್ಲಿ ಯಾರಾದರೂ ಜೋರಾಗಿ ಓಡಿಸುತ್ತಾರೆಯೇ? ಇಂಚಿಂಚಾಗಿ ಸರಿದೆ."

"ಹಾಗಾದರೆ ಆ ರಕ್ಷಣೆಯೂ ಅಷ್ಟೇ ವೇಗಕ್ಕೆ," ಎಂದು ರೋಲರ್ ಪಕ್ಕಕ್ಕೆ ಸರಿಯಿತು.

ಕಾರು ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಇಳಿಯಿತು. ತಿರುವಿನಲ್ಲಿ ಷಡಕ್ಷರಪ್ಪ ಎರಡೂ ಕಾಲಿನಿಂದ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ. ರಸ್ತೆ ಬದಿಯ ಕಲ್ಲುಕಟ್ಟೆಯನ್ನು ಒಡೆದುಕೊಂಡು ಹೋಗಿ ಹೊಲದಲ್ಲಿ ಮಗುಚಿತು. ಮೂತಿಗೆ ಕಟ್ಟಿದ್ದ ಹಾರ ಮಾತ್ರ ಬಾಡಿರಲಿಲ್ಲ.

ಮರುದಿನ ಷಡಕ್ಷರಪ್ಪ, ಎರಡೂ ಕಾಲಿಗೆ ಪಟ್ಟಿ ಹಾಕಿಸಿಕೊಂಡು, ಪೂಜೆ ಮಾಡಿದ್ದ ಐನೋರಿಗೆ ಆಸ್ಪತ್ರೆಯ ಮಂಚದಿಂದಲೇ ಫೋನ್ ಮಾಡಿದ.

"ಐನೋರೇ, ಮುಂದಿನ ಗಾಡಿ ಮೂರು ಟನ್ನಿನದು ತಗೋತೀನಿ. ಈ ಸಲ ಎಂಟು ನಿಂಬೆಹಣ್ಣು ಇಡಿ."