ದೇಸಾಯರ ಬಂದೂಕಿನ ಮೂರು ತಿರುಪು

ಹಿಂದೆ, ಎಷ್ಟು ಹಿಂದೆ ಎಂದರೆ ಒಬ್ಬೊಬ್ಬರು ಒಂದೊಂದು ಕಾಲ ಹೇಳುವಷ್ಟು ಹಿಂದೆ, ಹೊಳೆದಂಡೆಯ ಒಂದು ಊರಲ್ಲಿ ಮಾನಪ್ಪಾಚಾರಿ ಎಂಬ ಕೆತ್ತನೆಗಾರನಿದ್ದನಂತೆ. ಅವನು ಕಬ್ಬಿಣದ ಮೇಲೆ ಕೆತ್ತಿದ ಹೂವಿಗೆ ಜೇನು ಬಂದು ಕೂತಿತಂತೆ. ಜೇನಿಗೆ ಬುದ್ಧಿ ಇರಲಿಲ್ಲವೇ ಎಂದು ಯಾರೂ ಕೇಳುವುದಿಲ್ಲ.

ಆ ಊರ ದೇಸಾಯರ ವಾಡೆಯಲ್ಲಿ ಅಜ್ಜನ ಕಾಲದ ಬಂದೂಕಿತ್ತು. ಅದರ ಉಕ್ಕಿನ ತಗಡಿನ ಮೇಲೊಂದು ಬಳ್ಳಿ. ಆ ಬಳ್ಳಿ ಮೂರು ತಿರುಪುಗಳ ತಲೆಯ ಮೇಲೂ ಹಾದುಹೋಗುತ್ತಿತ್ತು. ಮಹಾನವಮಿಗೆ ಅದಕ್ಕೆ ಪೂಜೆ. ಒಂದು ಚೂರು ಬದಲಾದರೂ ಅದು ಭಿನ್ನವಾದ ಆಯುಧ, ಪೂಜೆಗೆ ಬಾರದು. ಹಾಗಾದರೆ ಅದನ್ನು ಕಾಯುವವನು ಊರು ಬಿಡಬೇಕು. ಹಾಗೆಂದು ಕಟ್ಟಳೆ.

ಕಾಯುವವನು ಲಾಲೇಸಾಬ. ಬೂದಿ ಹಚ್ಚಿ ತಿಕ್ಕಲು ತಿರುಪು ಬಿಚ್ಚಿದವನು ಬೂದಿಯ ಜೊತೆ ಎರಡನ್ನು ತಿಪ್ಪೆಗೆ ಚೆಲ್ಲಿದ. ಗೊತ್ತಾಗುವ ಹೊತ್ತಿಗೆ ತಿಪ್ಪೆ ಹೊಲ ಸೇರಿತ್ತು. ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಾನಪ್ಪನ ಕುಲುಮೆಗೆ ಬಂದ.

"ಆಚಾರಿ, ನನ್ನ ಮುಳುಗಿಸಬ್ಯಾಡೋ."

"ಮುಳುಗಿದಾವ ನೀನ. ನಾ ಬರೇ ಹಗ್ಗ ಹುಡುಕತೀನಿ," ಎಂದ ಮಾನಪ್ಪ.

ಎರಡು ತಿರುಪು ಮಾಡಿದ, ಬಳ್ಳಿ ಕೆತ್ತಿದ. ಬಿಗಿದು ನೋಡಿದರೆ ತಿರುಪಿನ ಬಳ್ಳಿ ಒಂದು ಕಡೆ, ತಗಡಿನ ಬಳ್ಳಿ ಇನ್ನೊಂದು ಕಡೆ. ಕಾಳಮ್ಮನ ಹೆಸರು ಹೇಳಿದೊಡನೆ ಬಳ್ಳಿ ತಾನೇ ಹೊರಳಿ ಕೂಡಿಕೊಂಡಿತಂತೆ. ಅವನು ತಿರುಪಿನ ತಲೆಯ ಅಡಿಯನ್ನು ಕೂದಲೆಳೆಯಷ್ಟು ಅರದಿಂದ ಉಜ್ಜಿ, ಬಿಗಿದು, ಮತ್ತೆ ಉಜ್ಜಿ, ಬಳ್ಳಿ ಕೂಡುವ ತನಕ ಮೂರು ದಿನ ಕೂತದ್ದನ್ನು ಯಾರೂ ಹೇಳುವುದಿಲ್ಲ. ಅದನ್ನು ಮೂರು ದಿನ ನಿಂತು ನೋಡಿದವರು ಯಾರು?

ನಿಜವಾದ ತೊಡಕು ಆಮೇಲೆ ಕಂಡಿತು. ಹೊಸ ಬಳ್ಳಿ ಚೂಪಾಗಿತ್ತು. ಹಳೆಯದು ಮೂರು ತಲೆಮಾರು ತಿಕ್ಕಿಸಿಕೊಂಡು ಸವೆದಿತ್ತು. ಅರ ಹಾಕಿದರೆ ಗೀರು ಬೀಳುತ್ತದೆ. ಬೆರಳಿನ ಸವೆತಕ್ಕೆ ಬೆರಳೇ ಬೇಕು. ಹಬ್ಬಕ್ಕೆ ಇನ್ನೂ ತಿಂಗಳಿತ್ತು. ಕುಲುಮೆಗೆ ಬಂದವರ ಕೈಗೆಲ್ಲ ತಿರುಪು, ಚಿಟಿಕೆ ಬೂದಿ ಕೊಟ್ಟ. ಊರು ಹರಟೆ ಹೊಡೆಯುತ್ತ ಉಜ್ಜಿತು. ಸಾವಿರ ಹೆಬ್ಬೆರಳಂತೆ. ಊರಲ್ಲಿ ಅಷ್ಟು ಜನ ಇರಲಿಲ್ಲ. ಆದರೆ ಇದ್ದವರಲ್ಲಿ ಒಬ್ಬರೂ ವಾಡೆಗೆ ಹೋಗಿ ಚಾಡಿ ಹೇಳಲಿಲ್ಲ. ಪವಾಡವೇ ಬೇಕೆಂದರೆ ಇದನ್ನು ಇಟ್ಟುಕೊಳ್ಳಬಹುದು.

ಮಹಾನವಮಿಯ ದಿನ ದೇಸಾಯರು ಬಳ್ಳಿಯುದ್ದಕ್ಕೂ ಬೆರಳಾಡಿಸಿ, ಒಂದು ತಿರುಪಿನ ಮೇಲೆ ನಿಲ್ಲಿಸಿದರು.

"ಇದು ಹೊಸಾದು."

ಮಾನಪ್ಪನೂ ಅಲ್ಲೇ ಇದ್ದ. ಬಗ್ಗಿ ನೋಡಿದ. ಅದು ಉಳಿದಿದ್ದ ಹಳೆಯ ತಿರುಪು. ಊರವರು ಅತಿಯಾಗಿ ಉಜ್ಜಿ, ಹೊಸ ಎರಡನ್ನೂ ಅದಕ್ಕಿಂತ ಹಳೆಯದು ಮಾಡಿಬಿಟ್ಟಿದ್ದರು.

ಲಾಲೇಸಾಬ ಸುಳ್ಳು ಆಣೆ ಮಾಡುವವನಲ್ಲ. ಈಗ ಮಾಡಬೇಕಾಗಿಯೂ ಇರಲಿಲ್ಲ. "ಪೀರರ ಆಣಿ, ಇದು ನಿಮ್ಮಜ್ಜಾರ ಕಾಲದ್ದರಿ ಧಣಿ. ಬದಲಾಗಿದ್ರ ನನ್ನ ಕೈ ಬಿದ್ದು ಹೋಗ್ಲಿ," ಎಂದ. ಉಳಿದೆರಡರ ಬಗ್ಗೆ ದೇಸಾಯರು ಕೇಳಲಿಲ್ಲ. ಆರತಿ ಎತ್ತಿದರು.

ಮಾನಪ್ಪ ಇದನ್ನೆಲ್ಲ ಮೊದಲೇ ಯೋಚಿಸಿದ್ದನಂತೆ. ಇಲ್ಲ. ಯೋಚಿಸಿದ್ದರೆ ಬಗ್ಗಿ ನೋಡುತ್ತಿರಲಿಲ್ಲ. ಜೀವಮಾನದ ಒಳ್ಳೆಯ ಕೆಲಸವನ್ನು ತನ್ನದೆಂದು ಎಂದೂ ತೋರಿಸುವಂತಿಲ್ಲ ಎಂಬುದು ಮನೆಗೆ ಹೋಗುವ ದಾರಿಯಲ್ಲೇ ಅವನಿಗೆ ಹೊಳೆಯಿತು. ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತ. ಆಮೇಲೆ ಎದ್ದು ಹೋದ.

ಬಂದೂಕು ಈಗಿಲ್ಲ, ವಾಡೆಯೂ ಇಲ್ಲ. ಆದರೆ ಆ ಊರಲ್ಲಿ ಯಾರು ಹೊಸ ಕುಡುಗೋಲು, ಕೊಡಲಿ ತಂದರೂ ಪೂಜೆಗೆ ಮುಂಚೆ ಅದು ಮನೆಮನೆ ಸುತ್ತುತ್ತದೆ. ಮನೆಗೊಬ್ಬರು ಹೆಬ್ಬೆರಳಿಂದ ಉಜ್ಜಿ ಕೊಡುತ್ತಾರೆ. ಮಾನಪ್ಪನ ಪದ್ಧತಿ ಎನ್ನುತ್ತಾರೆ. ಮೊನ್ನೆ ಒಬ್ಬ ಟ್ರ್ಯಾಕ್ಟರ್ ತಂದ. ಅದು ಓಣಿಯೊಳಗೆ ಹಿಡಿಸದ್ದಕ್ಕೆ ಒಂದು ಬೋಲ್ಟು ಬಿಚ್ಚಿ ಕಳಿಸಿದ. ಸಂಜೆಯೊಳಗೆ ವಾಪಸು ಬಂತು, ಬೆಚ್ಚಗೆ.