ಗಂಟಿಲ್ಲದ ಕಸೂತಿಯ ಹಂಪವ್ವ

ಬಹಳ ಹಿಂದೆ, ಎಷ್ಟು ಹಿಂದೆ ಅಂದರೆ ಮಲಪ್ರಭೆಗೆ ಇನ್ನೂ ಒಂದು ಸೇತುವೆಯೂ ಇಲ್ಲದ ಕಾಲದಲ್ಲಿ, ಹೂಲಿಕೊಪ್ಪ ಅಂತ ಒಂದು ಊರಿತ್ತು. ಆ ಊರಿನಲ್ಲಿ ಹಂಪವ್ವ ಅಂತ ಒಬ್ಬ ಹೆಣ್ಣುಮಗಳಿದ್ದಳು. ಅಕ್ಷರ ಬಾರದವಳು, ಆದರೆ ಗಣಿತದ ಪಂಡಿತರ ಕಡಗ ತೊಟ್ಟವಳು. ನನಗೆ ಇದನ್ನು ಹೇಳಿದ್ದು ನನ್ನ ಅಜ್ಜಿ, ಅವಳಿಗೆ ಹೇಳಿದ್ದು ಅವಳ ಅಜ್ಜಿ. ಸುಳ್ಳಿದ್ದರೆ ಅದು ಅವರದು, ಬಣ್ಣ ಹೆಚ್ಚಾಗಿದ್ದರೆ ನನ್ನದು.

ಆ ಸೀಮೆಯಲ್ಲಿ ಮದುವಣಗಿತ್ತಿಗೆ ಕರಿ ಸೀರೆ ಉಡಿಸುತ್ತಿದ್ದರು. ಅದರ ಸೆರಗಿನ ತುಂಬ ಕಸೂತಿ. ಹೆಣ್ಣಿನ ಮನೆಯವರೇ ಅದನ್ನು ಹಾಕಬೇಕು. ಸೂಜಿ ಒಂದು ತೂತಿನಿಂದ ಹೊರಡುತ್ತದೆ. ಒಂದು ಸಲ ಬಟ್ಟೆಯ ಮೇಲೆ, ಒಂದು ಸಲ ಬಟ್ಟೆಯ ಕೆಳಗೆ, ಹೀಗೆ ಮುಳುಗುತ್ತ ಏಳುತ್ತ ಹೋಗುತ್ತದೆ. ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟ ತೂತಿಗೇ ಮರಳಿ ಬರುತ್ತದೆ. ಆಗ ಸೀರೆಯ ಎರಡು ಮುಖವೂ ಒಂದೇ. ನಡುವೆ ಸೂಜಿ ಸಿಕ್ಕಿಬಿದ್ದರೆ ಮಾತ್ರ ನೂಲು ಕತ್ತರಿಸಿ ಗಂಟು ಹಾಕಬೇಕು. ಗಂಟು ಬಿತ್ತೋ, ಮದುವೆ ನಿಂತಿತು. ಅತ್ತೆಯಾಗುವವಳು ಸೀರೆಯನ್ನು ಬೋರಲು ಹಾಕಿ ಬೆರಳಾಡಿಸುತ್ತಿದ್ದಳು. ಬೆರಳಿಗೆ ಗಂಟು ತಾಕಿದರೆ, ಹಾಕಿದ ಊಟವನ್ನೂ ಉಣ್ಣದೆ ಗಾಡಿ ಹತ್ತುತ್ತಿದ್ದಳಂತೆ.

ಹಂಪವ್ವನ ಮದುವೆ ಹಾಗೆಯೇ ನಿಂತಿತು. ಎಳ್ಳುಕಾಳಿನಷ್ಟು ಗಂಟು, ಅಷ್ಟಕ್ಕೇ ಬೀಗರು ಎದ್ದು ಹೋದರು.

ಊರಿನ ಹಿರಿಯ ಹೆಂಗಸರು ಚಿತ್ತಾರಗಳನ್ನು ಎರಡು ಪಾಲು ಮಾಡಿದ್ದರು. ಕೆಲವು ಮರಳುವ ಚಿತ್ತಾರ, ಕೆಲವು ಮರಳದ ಚಿತ್ತಾರ. ಮರಳದ್ದಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಹಂಪವ್ವ ಹಾಕಿದ್ದು ಮರಳುವ ತುಳಸಿಕಟ್ಟೆಯನ್ನೇ. ಆದರೂ ಸೂಜಿ ಸಿಕ್ಕಿಬಿದ್ದಿತ್ತು. ನಿನ್ನ ಕೈಯೇ ಕೆಟ್ಟದ್ದು ಅಂದರು ಎಲ್ಲರೂ. ಹಂಪವ್ವ ಅಳಲಿಲ್ಲವಂತೆ. ಮರಳುವುದು ಯಾಕೆ ಮರಳುತ್ತದೆ ಅಂತ ಕೇಳಿದಳಂತೆ. ಯಾರಿಗೂ ಗೊತ್ತಿರಲಿಲ್ಲ.

ಅವಳು ಆ ಸೀರೆಯನ್ನು ಒಂದೊಂದೇ ಎಳೆ ಬಿಚ್ಚಿದಳು. ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ಹೊಲಕ್ಕೆ ಹೋದರೆ ಜೋಳದ ದಂಟಿನಿಂದ ಎರೆಮಣ್ಣಿನ ಮೇಲೆ ಗೀರುತ್ತಿದ್ದಳು. ಏಳು ವರ್ಷ ಅನ್ನುತ್ತಾರೆ, ಹನ್ನೆರಡು ಅನ್ನುವವರೂ ಇದ್ದಾರೆ. ಅವಳು ಗೀರಿದ ಗೆರೆಯನ್ನು ಹಕ್ಕಿಗಳೂ ದಾಟುತ್ತಿರಲಿಲ್ಲವಂತೆ. ನನ್ನ ಅಜ್ಜಿ ಮಾತ್ರ, ಹಕ್ಕಿ ದಾಟುತ್ತಿದ್ದವು, ದನ ದಾಟುತ್ತಿರಲಿಲ್ಲ ಅನ್ನುತ್ತಿದ್ದಳು.

ಅಷ್ಟರಲ್ಲಿ ತಂಗಿ ನಿಂಬೆವ್ವ ಮದುವೆಯ ವಯಸ್ಸಿಗೆ ಬಂದಳು. ಗಂಡಿಗೆ ಹುಡುಗಿ ಒಪ್ಪಿಗೆ, ಹುಡುಗಿಗೆ ಗಂಡು ಒಪ್ಪಿಗೆ. ಒಪ್ಪದವಳು ಗಂಡಿನ ತಾಯಿ ಫಕೀರವ್ವ ಒಬ್ಬಳೇ.

"ಅಕ್ಕನ ಸೀರ್‍ಯಾಗ ಗಂಟಿತ್ತು, ತಂಗೀ ಸೀರ್‍ಯಾಗ ಇರೂದಿಲ್ಲೇನು? ಏಳಂತಸ್ತಿನ ಗೋಪುರ ಹಾಕಿ ತೋರಸ್ರಿ, ಆಮ್ಯಾಲೆ ಮಾತು" ಅಂದಳು ಅವಳು.

ಏಳಂತಸ್ತಿನ ಗೋಪುರ ಮರಳದ ಚಿತ್ತಾರಗಳಿಗೆಲ್ಲ ದೊಡ್ಡದು. ಒಲ್ಲೆ ಅನ್ನುವುದನ್ನೇ ಫಕೀರವ್ವ ಹಾಗೆ ಹೇಳಿದ್ದಳು. ನಿಂಬೆವ್ವ ಒಳಗೆ ಹೋಗಿ ಕಂಬ ಹಿಡಿದು ನಿಂತಳು. ಹಂಪವ್ವ ಕರಿ ಸೀರೆ ತಂದು ಫಕೀರವ್ವನ ಮುಂದೆ ಹಾಸಿದಳು.

"ಎಲ್ಲಿಂದ ಸುರು ಮಾಡ್ಲಿ, ನೀವ ಚುಚ್ಚಿ ತೋರಸ್ರಿ ಯಕ್ಕಾ."

ಫಕೀರವ್ವ ನಕ್ಕಳು. ಬೇಕೆಂತಲೇ ನಟ್ಟನಡುವೆ, ಮೂರನೆಯ ಅಂತಸ್ತಿನ ಕಿಟಕಿ ಬರುವಲ್ಲಿ ಚುಚ್ಚಿದಳು. ಹಂಪವ್ವ ಅಲ್ಲಿಂದಲೇ ಹೊರಟಳು. ಮೂರು ದಿನದಲ್ಲಿ ಮುಗಿಸಿದಳಂತೆ. ಮೂರು ವಾರ ಇರಬೇಕು. ಸೂಜಿ ಏಳು ಅಂತಸ್ತು ಹತ್ತಿ ಇಳಿದು, ಕಳಸ ಸುತ್ತಿ, ಮೂರನೆಯ ಅಂತಸ್ತಿನ ಅದೇ ಕಿಟಕಿಗೆ ಬಂದು ನಿಂತಿತು.

ಫಕೀರವ್ವ ಬೆರಳಾಡಿಸಿದಳು. ಅವಳ ನಾದಿನಿ ಆಡಿಸಿದಳು. ಗಂಟಿಲ್ಲ. ಯಾವುದು ಮೇಲು, ಯಾವುದು ಕೆಳಗು ಅಂತಲೇ ತಿಳಿಯಲಿಲ್ಲ. ಆಗಲಾದರೂ ಒಪ್ಪಿದಳೇ? ಇಲ್ಲ. ಇದು ಮಾಟ, ಮಾಟಗಾತಿಯ ತಂಗಿ ನಮ್ಮ ಮನೆಗೆ ಬೇಡ ಅಂದಳು. ಗಂಟಿನ ಸುದ್ದಿ ಊರಲ್ಲೇ ನಿಲ್ಲುತ್ತದೆ, ಮಾಟದ ಸುದ್ದಿ ಸೀಮೆ ಸುತ್ತುತ್ತದೆ. ಈ ಹೆಸರು ಹೋಗದಿದ್ದರೆ ನಿಂಬೆವ್ವನಿಗೆ ಗಂಡು ಎಲ್ಲಿಂದ ಬರಬೇಕು?

ಆ ಸೀಮೆಯ ದೇಸಾಯರ ವಾಡೆಯಲ್ಲಿ ವರ್ಷಕ್ಕೊಮ್ಮೆ ಗಣಿತದ ಸಭೆ ಕೂಡುತ್ತಿತ್ತು. ಹಿಂದೆ ಯಾರೂ ಕಾಣದ ಒಂದು ನಿಯಮವನ್ನು ಕಾರಣದ ಸಮೇತ ತೋರಿಸಿದವರಿಗೆ ಬಂಗಾರದ ಕಡಗ. ಹಂಪವ್ವ ಆ ಸಭೆಗೆ ನಡೆದಳು. ಹಿಂದೆ ಗೋಪುರದ ಸೀರೆ ಹೊತ್ತ ನಿಂಬೆವ್ವ, ಅವಳ ಹಿಂದೆ ಮಾಟ ಬಯಲಾಗುವುದನ್ನು ನೋಡಲು ಹೊರಟ ಫಕೀರವ್ವ.

ಸಭೆಯ ಹಿರಿಯ ವೆಂಕೋಬಾಚಾರ್ಯರು, "ತಂಗೀ, ಇದು ಗಣಿತದ ಸಭಾ, ಹೊಲಿಗೀದಲ್ಲ" ಅಂದರು.

"ನಾ ಹೊಲಿಯೂದಿಲ್ರೀ ಆಚಾರ್ರ. ಸೂಜಿ ಮುಟ್ಟದ ಹೇಳ್ತೀನಿ. ಏನರೆ ಬರೀರಿ, ಸೂಜಿ ಮರಳತೈತೋ ಇಲ್ಲೋ ನೋಡಿದ ಕೂಡ್ಲೆ ಹೇಳ್ತೀನಿ."

ಆಚಾರ್ಯರು ಇದ್ದಿಲು ತೆಗೆದುಕೊಂಡು ಹಾಸುಗಲ್ಲಿನ ಮೇಲೆ ಬರೆದರು. ಅದು ಚಿತ್ತಾರವಲ್ಲ, ಕೋಳಿ ಕೆದರಿದ ತಿಪ್ಪೆ. ಮೂಲೆಗೊಂದು ಬಾಲ, ಬಾಲಕ್ಕೊಂದು ಕೊಂಬು. ಮರಳುತ್ತದೆ ಅಂದಳು ಹಂಪವ್ವ. ಶಿಷ್ಯರು ಮಧ್ಯಾಹ್ನದವರೆಗೂ ಸುಣ್ಣದ ಗೆರೆ ಎಳೆದು ನೋಡಿದರು. ಮರಳಿತು. ಆಚಾರ್ಯರು ಎರಡನೆಯದು ಬರೆದರು. ಎರಡು ಮನೆ, ನಡುವೆ ಒಂದು ಏಣಿ, ಕೂಸೂ ಹಾಕುವಂಥದ್ದು. ಇದು ಮರಳುವುದಿಲ್ಲ ಅಂದಳು. ಸಭೆ ಗೊಳ್ಳೆಂದಿತು, ಎಲ್ಲರಿಗಿಂತ ದೊಡ್ಡದಾಗಿ ಫಕೀರವ್ವ.

"ಏಣಿ ಎರಡನೇ ಮನೀಗೆ ಮುಟ್ಟೇ ಇಲ್ಲಲ್ರೀ" ಅಂದಳು ಹಂಪವ್ವ.

ಆಚಾರ್ಯರು ಮಂಡಿಯೂರಿ ನೋಡಿದರು. ಎರಡು ಹಾಸುಗಲ್ಲುಗಳ ಸಂದಿಯಲ್ಲಿ ಇದ್ದಿಲು ಹಾರಿತ್ತು. ಇರುವೆಯ ಅಗಲದ ಸಂದು.

ಆಗ ಅವರ ದನಿ ಬದಲಾಯಿತಂತೆ. ಕಾರಣ ಹೇಳು ತಾಯಿ ಅಂದರಂತೆ.

ಹಂಪವ್ವ ಹೇಳಿದ್ದು ಇಷ್ಟು. ಒಂದೊಂದು ತೂತೂ ಒಂದೊಂದು ಮನೆ ಅನ್ನಿ. ಚಿತ್ತಾರದ ಪ್ರತಿ ಗೆರೆಯ ಮೇಲೂ ಸೂಜಿ ಎರಡು ಸಲ ನಡೆಯಬೇಕು, ಒಂದು ಸಲ ಬಟ್ಟೆಯ ಮೇಲೆ, ಒಂದು ಸಲ ಕೆಳಗೆ. ಮೇಲಿನ ನಡೆ ಮುಂಬಾಗಿಲು, ಕೆಳಗಿನದು ಹಿಂಬಾಗಿಲು, ಸೂಜಿಯೇ ನೆಂಟ. ಅಂದ ಮೇಲೆ ಪ್ರತಿ ಮನೆಗೂ ಎಷ್ಟು ಮುಂಬಾಗಿಲೋ ಅಷ್ಟೇ ಹಿಂಬಾಗಿಲು. ಮುಂದಿನಿಂದ ಬಂದ ನೆಂಟ ಹಿಂದಿನಿಂದ ಹೋಗಬೇಕು, ಹಿಂದಿನಿಂದ ಬಂದವನು ಮುಂದಿನಿಂದ. ಬಂದವನಿಗೆ ಹೋಗಲು ಒಂದು ಬಾಗಿಲು ಇದ್ದೇ ಇರುತ್ತದೆ. ಬಾಗಿಲು ತೀರುವುದು ಒಂದೇ ಮನೆಯಲ್ಲಿ, ಅವನು ಹೊರಟ ಮನೆಯಲ್ಲಿ. ಹೊರಟ ಮನೆಗೆ ಮರಳಿದ ಮೇಲೂ ಕೆಲವು ಗೆರೆ ಉಳಿದಿದ್ದರೆ? ಚಿತ್ತಾರ ಒಂದೇ ತುಂಡಾಗಿದ್ದರೆ ಉಳಿದ ಗೆರೆ ನಡೆದ ದಾರಿಯನ್ನು ಎಲ್ಲಾದರೂ ಮುಟ್ಟಿರಲೇಬೇಕು. ಆ ತಿರುವಿನಲ್ಲಿ ಹೊರಳಿ ಅದನ್ನು ಸುತ್ತಿ ಬಂದು ಮತ್ತೆ ಹಳೆಯ ದಾರಿ ಹಿಡಿ. ಹೀಗೆ ಎಲ್ಲವೂ ಮುಗಿಯುತ್ತದೆ. ಚಿತ್ತಾರ ಒಂದೇ ತುಂಡಾಗಿದ್ದರೆ ಸೂಜಿ ಎಲ್ಲಿಂದ ಹೊರಟರೂ ಮರಳುತ್ತದೆ. ಮರಳದ ಚಿತ್ತಾರ ಅಂತ ಒಂದಿಲ್ಲ. ಹೊರಳುವ ತಿರುವು ಮರೆತವರಿದ್ದಾರೆ, ಅಷ್ಟೇ. ನಾನೂ ಒಮ್ಮೆ ಮರೆತಿದ್ದೆ.

ವೆಂಕೋಬಾಚಾರ್ಯರು ಕಣ್ಣು ಮುಚ್ಚಿ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತ ಬಹಳ ಹೊತ್ತು ಕುಳಿತರು. ಆಮೇಲೆ ಎದ್ದು, ಇದರಲ್ಲಿ ಮಾಟ ಇಲ್ಲ, ಇದಕ್ಕಿಂತ ನೇರವಾದ ಗಣಿತವನ್ನು ನಾನು ಕೇಳಿಲ್ಲ ಅಂದರಂತೆ. ದೇಸಾಯರು ಕಡಗ ತೊಡಿಸಲು ಬಂದರೆ ಹಂಪವ್ವ ಎಡಗೈ ಚಾಚಿದಳು. ಬಲಗೈ ಕೊಡವ್ವ ಅಂದರು.

"ಬಲಗೈಗೆ ಕೆಲಸ ಐತ್ರೀ" ಅಂದಳು.

ವಾಡೆಯ ನಗಾರಿ ಬಾರಿಸಿದರು. ಆ ಸದ್ದು ಹೊಳೆಯ ಆಚೆಗೂ ಕೇಳಿತು ಅನ್ನುತ್ತಾರೆ. ಗದ್ದಲದ ನಡುವೆ ಫಕೀರವ್ವ ನಿಂಬೆವ್ವನ ಹತ್ತಿರ ಬಂದು ಗೋಪುರದ ಸೀರೆಯನ್ನು ಬಿಡಿಸಿ ಹುಡುಗಿಗೆ ತಾನೇ ಹೊದಿಸಿದಳು. ಹಂಪವ್ವನ ಮುಖ ನೋಡದೆ, "ಆ ಕಿಟಕಿ ನಾನ ಚುಚ್ಚಿದ್ದು" ಅಂದಳಂತೆ, ಗಟ್ಟಿಯಾಗಿ, ನಾಲ್ಕು ಜನಕ್ಕೆ ಕೇಳುವ ಹಾಗೆ.

ಮದುವೆ ಆಯಿತು. ಹಂಪವ್ವನನ್ನು ಕೇಳಿಕೊಂಡೂ ಆಮೇಲೆ ಬೀಗರು ಬಂದರಂತೆ. ಪುರುಸೊತ್ತಿಲ್ಲ ಅಂದಳಂತೆ. ಅವಳ ಕಟ್ಟೆಯ ಮೇಲೆ ಒಂದು ಕಡೆ ಕಸೂತಿ ಕಲಿಯುವ ಹುಡುಗಿಯರು, ಇನ್ನೊಂದು ಕಡೆ ಆಚಾರ್ಯರ ಶಿಷ್ಯರು. ಹುಡುಗಿಯರೇ ಬೇಗ ಕಲಿಯುತ್ತಿದ್ದರು.

ಅಂದಿನಿಂದ ಆ ಸೀಮೆಯಲ್ಲಿ ಸೀರೆ ತಿರುವಿ ಗಂಟು ಹುಡುಕುವುದು ನಿಂತುಹೋಯಿತು. ಅದರ ಬದಲು, ಮದುವೆಯ ಸೀರೆಗೆ ಮೊದಲ ತೂತನ್ನು ಗಂಡಿನ ತಾಯಿಯೇ ಕಣ್ಣು ಮುಚ್ಚಿ ಚುಚ್ಚಬೇಕು. ತಾನೇ ಚುಚ್ಚಿದ ಮೇಲೆ ಸೂಜಿ ಸಿಕ್ಕಿಬಿದ್ದರೆ ಅವಳು ಯಾರನ್ನು ಬೈಯುತ್ತಾಳೆ? ತಾನೂ ಪಕ್ಕದಲ್ಲಿ ಕೂತು ತಿರುವು ಹುಡುಕುತ್ತಾಳೆ.

ಆ ಸೀಮೆ ಬಿಟ್ಟು ನಾವು ಬಂದು ನೆಲೆಸಿದ ಈ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಕನ್ನಡ ಬಲ್ಲವರು ನಾಲ್ಕು ಮನೆಯವರು. ಆದರೂ ಹೋದ ಮಾಘದಲ್ಲಿ ನನ್ನ ಮೊಮ್ಮಗಳ ಸೀರೆ ಹಾಸಿ, ಒಡಿಯಾ ಮಾತಾಡುವ ಅವಳ ಅತ್ತೆಯ ಕೈಗೆ ಸೂಜಿ ಕೊಟ್ಟೆವು. ಆಕೆ ಕಣ್ಣು ಮುಚ್ಚಿಕೊಂಡಳು. ತಪ್ಪು ಜಾಗದಲ್ಲಿ ಚುಚ್ಚಿಬಿಟ್ಟರೆ ಅಂತ ತನ್ನ ಭಾಷೆಯಲ್ಲಿ ಕೇಳಿದಳು.

ಹಾಗೊಂದು ಜಾಗವೇ ಇಲ್ಲ, ಚುಚ್ಚು ಅಂದೆ.