ಕಲ್ಲವ್ವ ತಾಯಿಯವರ ಮೂರು ಗುಡ್ಡೆ

ಹಿರೇಹಾಲಗೊಂಡದ ಊರ ಹೊರಗೆ, ಹಳ್ಳದ ದಂಡೆಯ ಮೇಲೆ, ಒಂದು ಹಳೆಯ ಗದ್ದುಗೆ ಇದೆ. ಯಾವ ಶರಣರದ್ದು ಎಂದು ಕೇಳಿದರೆ ಊರವರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಜಗಳ ಬೇಡ, ಸುಮ್ಮನೆ ಗದ್ದುಗೆ ಅನ್ನೋಣ. ಅದರ ಹಿಂದಿನ ತಗಡಿನ ಚಪ್ಪರದಲ್ಲಿ ಪರಮಪೂಜ್ಯ ಶರಣೆ ಕಲ್ಲವ್ವ ತಾಯಿಯವರು ವಾಸವಾಗಿದ್ದರು. ಒಂದು ಕಂಬಳಿ, ಒಂದು ಗಡಿಗೆ, ಒಂದು ಕುಡುಗೋಲು, ಕಸ ಹೊರಲು ಒಂದು ಹೆಡಿಗೆ. ಮಠ ಅಂದರೆ ಅಷ್ಟೇ. ಪ್ರವಚನ ಇಲ್ಲ, ಪಾದಪೂಜೆ ಇಲ್ಲ. ಯಾರಾದರೂ ಕಾಲಿಗೆ ಬೀಳಲು ಬಂದರೆ ತಾಯಿಯವರು, "ಹೆಂಗೂ ಬಗ್ಗೀದಿ, ಆ ಕಳೆ ಒಂದೀಟು ಕಿತ್ತುಬಿಡಪ್ಪ" ಎನ್ನುತ್ತಿದ್ದರು. ಹಾಗಾಗಿ ಕಾಲಿಗೆ ಬೀಳುವವರು ಬರಬರುತ್ತಾ ಕಡಿಮೆಯಾದರು.

ಗದ್ದುಗೆಯ ಸುತ್ತ ಒಂದು ಪುಟ್ಟ ತೋಟ. ನಡುವೆ ಬಿಲ್ವದ ಪತ್ರಿಗಿಡ, ಆಚೀಚೆ ದುಂಡುಮಲ್ಲಿಗೆ, ಬೇಲಿಗೆ ಸಾಲಾಗಿ ಕಣಗಿಲ. ಪೂಜೆಗೆ ಹೂವು ಬೇಕಾದವರು ಬಂದು ಬಿಡಿಸಿಕೊಂಡು ಹೋಗುತ್ತಿದ್ದರು. ಗಿಡ ಸವರುವುದು, ಕಳೆ ಕೀಳುವುದು, ಕಸ ಬಳಿಯುವುದು ತಾಯಿಯವರ ಪಾಲಿನ ಪೂಜೆ.

ಆ ಕಸದ ವಿಷಯದಲ್ಲಿ ಮಾತ್ರ ತಾಯಿಯವರದು ಒಂದು ಹಟವಿತ್ತು. ತೋಟ ಸವರಿದ ದಿನ ಮೂರು ಗುಡ್ಡೆ ಮಾಡುತ್ತಿದ್ದರು. ಎಳೆಯ ಹುಲ್ಲು, ಕರಿಕೆ ಒಂದು ಕಡೆ. ಅದು ಹೊಳೆವ್ವನ ಆಕಳಿಗೆ. ಒಣಗಿದ ಎಲೆ, ಬಾಡಿದ ಹೂವು, ಗದ್ದುಗೆಯಿಂದ ಇಳಿಸಿದ ಪತ್ರಿ ಇನ್ನೊಂದು ಕಡೆ. ಅದು ಗೊಬ್ಬರದ ತೆಗ್ಗಿಗೆ. ಕಣಗಿಲದ ಟೊಂಗೆ, ಎಲೆ, ಉದುರಿದ ಹೂವು ಸಮೇತ ಮೂರನೆಯ ಕಡೆ. ಅದಕ್ಕೆ ಎದೆಯುದ್ದದ ಬೇರೊಂದು ತೆಗ್ಗು, ಮೇಲೆ ಚಪ್ಪಡಿ ಕಲ್ಲು.

"ಒಂದು ಕಡ್ಡಿ ಗೀರಿದ್ರ ಎಲ್ಲಾ ಬೂದಿ ಆಗ್ತೈತಿ. ಯಾಕಿಷ್ಟು ಒದ್ದಾಡ್ತೀರಿ ಅವ್ವಾರ?" ಎಂದು ಜನ ಕೇಳುತ್ತಿದ್ದರು.

"ಕಣಗಿಲದ ಹೊಗಿ ಒಳ್ಳೇದಲ್ಲಪ್ಪ."

"ಹಂಗಾರ ಹಳ್ಳಕ್ಕ ಚೆಲ್ರಿ. ಮಳಿಗೆ ಹರಕೊಂಡು ಹೋಗ್ತೈತಿ."

"ಹಳ್ಳದ ಕೆಳಗ ಯಾರೂ ನೀರು ಕುಡ್ಯಾಂಗಿಲ್ಲೇನು?"

ಇಷ್ಟು ಹೇಳಿ ಮತ್ತೆ ಆರಿಸಲು ಕೂಡುತ್ತಿದ್ದರು.

ಬಸ್ ನಿಲ್ದಾಣದ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದ ಅಂದಾನೆಪ್ಪನಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೇ? ಅವನು ಊರನ್ನೇ ನಗಿಸುವವನು. ಸತ್ತವರ ಮನೆಗೆ ಅವನು ಹೊರಟರೆ, ಹೆಣ ಎದ್ದು ನಕ್ಕೀತು ಅಂತ ಜನ ಹೆದರುತ್ತಿದ್ದರು. "ನೋಡ್ರಲೇ, ಮುದುಕಿ ಕಸದಾಗೂ ಜಾತಿ ಮಾಡ್ತಾಳ! ಹುಲ್ಲಿಗೊಂದು ಓಣಿ, ಎಲಿಗೊಂದು ಓಣಿ, ಕಣಗಿಲಕ್ಕ ಊರ ಹೊರಗಿನ ಕೇರಿ!" ಎಂದು ಅವನು ಒಮ್ಮೆ ಕಟ್ಟೆಯ ಮೇಲೆ ಕೂತು ಅಂದ. ಆ ಮಾತು ಊರೆಲ್ಲ ಸುತ್ತಿತು. ತಾಯಿಯವರು ಹೆಡಿಗೆ ಹೊತ್ತು ಹೊರಟರೆ ಸಣ್ಣ ಹುಡುಗರೂ ಹಿಂದಿನಿಂದ ಅದನ್ನೇ ಕೂಗುತ್ತಿದ್ದರು. ತಾಯಿಯವರು ತಿರುಗಿಯೂ ನೋಡುತ್ತಿರಲಿಲ್ಲ.

ಕಾರ್ತಿಕದ ಒಂದು ಮಧ್ಯಾಹ್ನ. ಹಿಂದಿನ ದಿನವಷ್ಟೇ ಬೇಲಿ ಸವರಿದ್ದ ತಾಯಿಯವರು ಮೂರು ಗುಡ್ಡೆ ಮಾಡಿಟ್ಟು, ಮಗನನ್ನು ಕಳೆದುಕೊಂಡ ಒಬ್ಬ ತಾಯಿಯ ಬಳಿ ಕೂತುಬರಲು ಪಕ್ಕದ ಊರಿಗೆ ಹೋಗಿದ್ದರು. ಅಂದಾನೆಪ್ಪ ಟಯರಿನ ಕರಿ ಮೆತ್ತಿದ ಕೈಯಲ್ಲೇ ಗದ್ದುಗೆಯ ಕಡೆ ಬಂದ. ಸುತ್ತ ಯಾರೂ ಇಲ್ಲ. ಮೂರು ಗುಡ್ಡೆ ಕಂಡದ್ದೇ ಅವನಿಗೆ ಕೈ ತುರಿಸಿತು. 'ಇವನ್ನೆಲ್ಲ ಒಂದಾಗಿ ಕಲಸಿಟ್ಟರೆ ಹೇಗಿರುತ್ತದೆ? ನಾಳೆ ಹೊತ್ತು ಮುಳುಗುವ ತನಕ ಮುದುಕಿ ಒಂದೊಂದೇ ಎಲೆ ಆರಿಸುತ್ತಾ ಕೂಡಬೇಕು. ಕಟ್ಟೆಯ ಮೇಲೆ ವಾರವಿಡೀ ನಗಬಹುದು.' ಅಲ್ಲಿದ್ದ ಹೆಡಿಗೆಯಲ್ಲೇ ಕಣಗಿಲದ ಬಾಡಿದ ಎಲೆ ತುಂಬಿ ತುಂಬಿ ಹುಲ್ಲಿನ ಗುಡ್ಡೆಗೆ ಸುರಿದ. ಕೈಯಾಡಿಸಿ ಚೆನ್ನಾಗಿ ಬೆರೆಸಿದ. ಸಿಳ್ಳೆ ಹಾಕುತ್ತಾ ಅಂಗಡಿಗೆ ವಾಪಸು ಹೋದ.

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದನ ಕಣಗಿಲವನ್ನು ಮೂಸುವುದಿಲ್ಲ ಅನ್ನುವುದು ಆ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಅದಕ್ಕೇ ಅದನ್ನು ಬೇಲಿಗೆ ಹಾಕುವುದು. ಹಸಿ ಎಲೆ ಅಷ್ಟು ಕಹಿ. ಆದರೆ ಕೊಯ್ದು ಬಾಡಿದ ಮೇಲೆ ಕಹಿ ಇಳಿಯುತ್ತದೆ, ವಿಷ ಇಳಿಯುವುದಿಲ್ಲ. ಎಳೆಯ ಹುಲ್ಲಿನ ನಡುವೆ ಸಿಕ್ಕರೆ ದನ ಅದನ್ನೂ ಸೇರಿಸಿಯೇ ಮೇಯುತ್ತದೆ. ಅರ್ಧ ಗೊತ್ತಿದ್ದ ಅಂದಾನೆಪ್ಪ ಪೂರ್ತಿ ಗೊತ್ತಿದೆ ಅಂದುಕೊಂಡಿದ್ದ.

ಹೊಳೆವ್ವ ಗಂಡ ಸತ್ತ ಹೆಂಗಸು. ಈಗಷ್ಟೇ ಕರು ಹಾಕಿದ್ದ ಒಂದು ಆಕಳು ಬಿಟ್ಟರೆ ಅವಳಿಗೆ ಬೇರೆ ದಿಕ್ಕಿರಲಿಲ್ಲ. ಅದರ ಹಾಲು ಮಾರಿಯೇ ಒಲೆ ಉರಿಯಬೇಕು. ಪ್ರತಿ ಸಲ ತಾಯಿಯವರು ತಾವೇ ಹುಲ್ಲು ಎತ್ತಿ ಅವಳ ಮಡಿಲಿಗೆ ಹಾಕುತ್ತಿದ್ದರು. ಅಂದು ಸಂಜೆ ಅವಳು ಬಂದು ಬಹಳ ಹೊತ್ತು ಕಾದಳು. ತಾಯಿಯವರು ಬರಲಿಲ್ಲ. ಮನೆಯಲ್ಲಿ ಆಕಳು ಹಸಿದು ಒದರುತ್ತಿತ್ತು. ಹುಲ್ಲಿನ ಗುಡ್ಡೆ ಯಾವಾಗಲೂ ಇರುವ ಜಾಗದಲ್ಲೇ ಇತ್ತು. ಆ ಮಬ್ಬಿನಲ್ಲಿ ಕೆದಕಿ ನೋಡದೆ ತಾನೇ ಬಾಚಿಕೊಂಡು ಹೋದಳು.

ಬೆಳಗ್ಗೆ ಆಕಳು ಕಾಲು ಚಾಚಿ ಬಿದ್ದಿತ್ತು. ಕರು ಅದರ ಕೆಚ್ಚಲು ಗುದ್ದುತ್ತಿತ್ತು, ಗುದ್ದುತ್ತಲೇ ಇತ್ತು. ದನದ ಡಾಕ್ಟರು ಬಂದು, ಗೋದಲಿಯಲ್ಲಿ ಉಳಿದಿದ್ದ ಹುಲ್ಲನ್ನು ಕೆದಕಿ, ಒಂದು ಉದ್ದನೆಯ ಎಲೆ ಎತ್ತಿ ತೋರಿಸಿದರು. "ಕಣಗಿಲ" ಅಂದರು. ಅಷ್ಟೇ.

ಊರು ಗದ್ದುಗೆಯ ಕಡೆ ನಡೆಯಿತು. ಮುಂದೆ ಊರ ಹಿರಿಯ ವೀರನಗೌಡ, ಹಿಂದೆ ಎದೆ ಬಡಿದುಕೊಳ್ಳುತ್ತಾ ಹೊಳೆವ್ವ, ನಡುವೆ ಗುಂಪು. ಆ ಗುಂಪಿನಲ್ಲಿ ಅಂದಾನೆಪ್ಪನೂ ಇದ್ದ. ಬಾರದೆ ಇದ್ದರೆ ಯಾರಿಗಾದರೂ ಅನುಮಾನ ಬಂದೀತು ಅಂತ ಬಂದಿದ್ದ. 

ತಾಯಿಯವರು ಆಗಷ್ಟೇ ಪಕ್ಕದ ಊರಿನಿಂದ ನಡೆದು ಬಂದಿದ್ದರು. ಕಲಸಿದ ಗುಡ್ಡೆಯ ಮುಂದೆ ನಿಂತಿದ್ದರು. ಹೆಡಿಗೆ ಕೈಯಲ್ಲಿತ್ತು.

"ಅವ್ವಾರ, ನಿಮ್ಮ ಹುಲ್ಲಿನಾಗ ವಿಷ ಇತ್ತಲ್ರೀ! ನಾ ನಿಮಗೇನು ಮಾಡಿದ್ದೆ?" ಹೊಳೆವ್ವ ಕೂಗಿದಳು.

"ಊರ ಹೊರಗ ಗದ್ದುಗಿ ಹಂತ್ಯಾಕ ಕುಂತಾಕಿ, ಏನೋ ಮಾಟಾ ಮಾಡ್ಯಾಳ" ಎಂದು ಹಿಂದಿನಿಂದ ಯಾರೋ ಅಂದರು.

ವೀರನಗೌಡ ಕೈಯೆತ್ತಿ ಗುಂಪನ್ನು ಸುಮ್ಮನಾಗಿಸಿದ. "ಹೇಳ್ರಿ ಅವ್ವಾರ. ಹುಲ್ಲಿನಾಗ ಕಣಗಿಲ ಹೆಂಗ ಬಂತು?"

ತಾಯಿಯವರು ಬಗ್ಗಿ ನೋಡಿದರು. ಹೆಡಿಗೆಯ ಅಂಚಿನ ಮೇಲೆ ಐದು ಬೆರಳಿನ ಗುರುತು ಎದ್ದು ಕಾಣುತ್ತಿತ್ತು, ಕಪ್ಪಗೆ, ಎಣ್ಣೆ ಎಣ್ಣೆಯಾಗಿ. ಟಯರಿನ ಕರಿ. ಗುಂಪಿನಲ್ಲಿ ನಿಂತ ಅಂದಾನೆಪ್ಪ ಅದನ್ನು ಕಂಡ. ಕಂಡವನೇ ಕೈ ಎರಡನ್ನೂ ಬಗಲಿಗೆ ಸಿಕ್ಕಿಸಿಕೊಂಡ. ಮುಗಿಯಿತು ಅಂದುಕೊಂಡ. ಊರ ಮುಂದೆ ಕಂಬಕ್ಕೆ ಕಟ್ಟುತ್ತಾರೆ, ಅಂಗಡಿ ಮುಚ್ಚಿಸುತ್ತಾರೆ, ಹೊಳೆವ್ವನ ಕಣ್ಣು ಎದುರಿಸಬೇಕಾಗುತ್ತದೆ.

ತಾಯಿಯವರು ತಲೆಯೆತ್ತಿ ಗುಂಪಿನ ಕಡೆ ಒಮ್ಮೆ ನೋಡಿದರು. ಆಮೇಲೆ ಸೆರಗಿನ ತುದಿ ಹಿಡಿದು, ಧೂಳು ಒರೆಸುವವರ ಹಾಗೆ, ಆ ಕರಿ ಗುರುತನ್ನು ಮೆಲ್ಲಗೆ ಒರೆಸಿಬಿಟ್ಟರು.

"ಹುಲ್ಲು ನನ್ನ ತೋಟದ್ದ ಐತಿ" ಎಂದರು. 

ಮುಂದಿನದ್ದು ಕೇಳುವುದೇ ಬೇಡ. ನಾಳೆ ಬೆಳಗ್ಗೆ ತೋಟ ಕಡಿದು ಸುಡಬೇಕು, ಕಲ್ಲವ್ವ ಊರು ಬಿಟ್ಟು ಹೋಗಬೇಕು ಎಂದು ತೀರ್ಮಾನವಾಯಿತು. ತಾಯಿಯವರು ಕೈಮುಗಿದು, "ಆಗಲಿರಿ. ಕಸಾ ತೆಗದು ಹೋಗ್ತೀನಿ" ಎಂದರು.

ಆ ಸಂಜೆ ಅಂದಾನೆಪ್ಪನ ಹೆಂಡತಿ ರೊಟ್ಟಿ ಬಡಿಸಿದಳು. ಅವನು ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟ. ಬೂದಿ ಹಚ್ಚಿ, ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಉಗುರ ಸಂದಿಯ ಕರಿ ಹೋಗಲಿಲ್ಲ. ಹತ್ತಾರು ವರ್ಷದಿಂದ ಹೋಗಿರಲಿಲ್ಲ. ಅಂದು ಮಾತ್ರ ಅದು ಅವನಿಗೆ ಕಂಡಿತು. 'ಗೊತ್ತಿದ್ದೂ ಯಾಕೆ ಹೇಳಲಿಲ್ಲ ಮುದುಕಿ? ಹೇಳಿಬಿಟ್ಟಿದ್ದರೆ ಒದೆ ತಿಂದು ಮುಗಿಸುತ್ತಿದ್ದೆ' ಎಂದು ಅವನಿಗೆ ಸಿಟ್ಟೇ ಬಂತು.

ಮರುದಿನ ತೋಟ ಬಿತ್ತು. ಪತ್ರಿಗಿಡಕ್ಕೆ ಕೊಡಲಿ ಹಾಕಲು ಯಾರಿಗೂ ಧೈರ್ಯವಾಗಲಿಲ್ಲ. ಉಳಿದದ್ದೆಲ್ಲ, ಮಲ್ಲಿಗೆ, ಕಣಗಿಲ, ಹುಲ್ಲು, ಬಳ್ಳಿ, ಒಂದೇ ರಾಶಿಯಾಗಿ ಆಳೆತ್ತರ ಬಿತ್ತು. ಎಲ್ಲರಿಗಿಂತ ಜೋರಾಗಿ ಕಡಿದವನು ಅಂದಾನೆಪ್ಪ. ಅದಕ್ಕೇ ವೀರನಗೌಡ ಬೆಂಕಿಪೊಟ್ಟಣ ಅವನ ಕೈಗೇ ಕೊಟ್ಟ.

ಅಷ್ಟರಲ್ಲಿ ತಾಯಿಯವರು ಕಂಬಳಿಯ ಗಂಟನ್ನು ಕೆಳಗಿಟ್ಟು ಬಂದು, ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಒಂದು ಕಣಗಿಲದ ಟೊಂಗೆ ಎಳೆದು ಪಕ್ಕಕ್ಕಿಟ್ಟರು. ಇನ್ನೊಂದು ಎಳೆದರು.

"ಸುಡಬ್ಯಾಡ್ರಪ್ಪ. ಗಾಳಿ ಊರ ಕಡೆ ಐತಿ. ಮೊದಲನೇ ಮನಿ ಹೊಳೆವ್ವಂದು. ಕರ ಒಳಗೈತಿ."

ಗುಂಪಿನ ಹಿಂದೆ ನಿಂತಿದ್ದ ಹೊಳೆವ್ವ ಮುಖ ಆಚೆ ತಿರುಗಿಸಿದಳು.  ಮೌನ ಅಂದರೆ ಅಂದಾನೆಪ್ಪನಿಗೆ ಮೊದಲಿನಿಂದಲೂ ಆಗುವುದಿಲ್ಲ. ಗಂಟಲು ತಾನೇ ಹಳೆಯ ದಾರಿ ಹಿಡಿಯಿತು: "ಹೋಗೂ ಮುಂದನೂ ಕಸಕ್ಕ ಜಾತಿ ಹುಡುಕ್ತೀರೇನ್ರಿ ಅವ್ವಾರ?"

ಗುಂಪು ಗೊಳ್ಳೆಂದು ನಕ್ಕಿತು. ತನ್ನ ಮಾತಿಗೆ ಜನ ನಕ್ಕದ್ದು ಅಂದಾನೆಪ್ಪನಿಗೆ ಅದೇ ಮೊದಲ ಸಲ ಬೇಡವೆನ್ನಿಸಿತು.

ತಾಯಿಯವರು ತಲೆಯೆತ್ತಿದರು. ಸಿಟ್ಟಿರಲಿಲ್ಲ. ದಣಿವಿತ್ತು. ಅವನೊಬ್ಬನಿಗೇ ಕೇಳಿಸುವಷ್ಟು ಮೆಲ್ಲಗೆ ಅಂದರು:

"ಬಾ ತಮ್ಮಾ, ಕುಂದ್ರು. ಯಾವುದನ್ನ ಯಾವುದರಾಗ ಬೆರಸಬಾರದಂತ ಈಗ ನಿನಗ ಗೊತ್ತಾಗೇತಿ. ಬ್ಯಾರೆ ಮಾಡು."

ಅವನ ಕೈಯಿಂದ ಬೆಂಕಿಪೊಟ್ಟಣ ಜಾರಿ ಬಿತ್ತು. ಯಾರಿಗೂ ಏನೂ ಕೇಳಿಸಿರಲಿಲ್ಲ. ಬೇಕೆಂದರೆ ಬಗ್ಗಿ, ಕಡ್ಡಿ ಗೀರಿ, ಎಲ್ಲವನ್ನೂ ಬೂದಿ ಮಾಡಬಹುದಿತ್ತು. ತಾಯಿಯವರು ಹೋಗಿಬಿಡುತ್ತಿದ್ದರು. ಸತ್ಯ ಅವರ ಸೆರಗಿನ ಕರಿ ಕಲೆಯ ಜೊತೆ ಊರು ದಾಟಿಬಿಡುತ್ತಿತ್ತು. ಅವನು ನಿಂತಲ್ಲೇ ನಿಂತ. ಆಮೇಲೆ ಕಾಲು ಮಡಚಿ ತಾಯಿಯವರ ಎದುರು ಕೂತ. ಒಂದು ಟೊಂಗೆ ಎಳೆದ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದ.

"ಏನಾತಲೇ ಅಂದಾನಿ? ಇದೂ ನಾಟಕೇನು?" ಎಂದು ಯಾರೋ ನಕ್ಕರು.

"ನಾಟಕ ಅಲ್ರೋ. ಅವ್ವಾರು ಮಾಡಿದ್ದಲ್ಲ. ಹುಲ್ಲಿನಾಗ ಕಣಗಿಲ ಬೆರಸಿದಾಂವ ನಾನು. ಚ್ಯಾಷ್ಟಿಗೆ ಬೆರಸಿದೆ. ದನ ಮೂಸಂಗಿಲ್ಲ ಅಂದ್ಕೊಂಡಿದ್ದೆ. ಹೊಳೆವ್ವಾ... ತಂಗೀ..."

ವೀರನಗೌಡ ಕೈಯೆತ್ತಿಕೊಂಡು ಬಂದ. ತಾಯಿಯವರು ನಡುವೆ ಕೈ ಅಡ್ಡ ಹಿಡಿದರು. ಏಟು ಅವರ ತೋಳಿಗೆ ಬಿತ್ತು. ಗೌಡ ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ.

ಹೊಳೆವ್ವ ಬೈಯಲಿಲ್ಲ. ಹತ್ತಿರ ಬಂದು ನಿಂತಳು. "ಊರೆಲ್ಲಾ ನಗಸ್ತಿದ್ಯಲ್ಲೋ ಅಣ್ಣಾ" ಅಂದಳು. "ಬಾ, ನಮ್ಮ ಮನಿಗೆ ಬಾ. ಆ ಕರಾನೂ ಒಂದೀಟು ನಗಸಿ ಹೋಗು." ಅಂದು ಮನೆಯ ಕಡೆ ನಡೆದಳು.

ಹೊತ್ತು ಇಳಿಯುವ ತನಕ ತಾಯಿಯವರೂ ಅಂದಾನೆಪ್ಪನೂ ಕೂತು ಆ ರಾಶಿಯನ್ನು ಬೇರೆ ಮಾಡಿದರು. ಅಷ್ಟೊಂದು ಕಣಗಿಲಕ್ಕೆ ಹಳೆಯ ತೆಗ್ಗು ಸಾಲದೆ, ಹೊಸದೊಂದನ್ನು ಅಂದಾನೆಪ್ಪ ಒಬ್ಬನೇ ತೋಡಿದ. ಕಣಗಿಲವೆಲ್ಲ ಒಳಗಿಳಿದ ಮೇಲೆ, ಮಣ್ಣು ಮುಚ್ಚಿ, ಚಪ್ಪಡಿ ಎಳೆದ. ಊರ ಹಿರಿಯರು ಬಂದು ತಾಯಿಯವರ ಪಾದ ಹಿಡಿದು, ತಪ್ಪಾಯಿತು, ಇಲ್ಲೇ ಇರಿ ಎಂದು ಬೇಡಿಕೊಂಡರು. ತಾಯಿಯವರು ಕಂಬಳಿಯ ಗಂಟು ಬಿಚ್ಚಿದರು. "ಹೆಂಗೂ ಬಗ್ಗೀರಿ..." ಅನ್ನಲು ಹೋಗಿ ಸುತ್ತ ನೋಡಿ ಸುಮ್ಮನಾದರು. ಕೀಳಲು ಕಳೆಯೂ ಉಳಿದಿರಲಿಲ್ಲ.

ಅಂದಾನೆಪ್ಪ ತನ್ನ ಮನೆಯ ಆಕಳನ್ನು ಹೊಡೆದುಕೊಂಡು ಹೋಗಿ ಹೊಳೆವ್ವನ ಬಾಗಿಲಿಗೆ ಕಟ್ಟಿದ. ಅವಳು ಹಗ್ಗ ಬಿಚ್ಚಿ ಬೀದಿಗೆ ಬಿಟ್ಟಳು. ಆದರೆ ದಿನಾ ಬೆಳಗ್ಗೆ ಹೊಸ್ತಿಲಲ್ಲಿ ಅವನು ಇಟ್ಟುಹೋಗುತ್ತಿದ್ದ ಹಾಲಿನ ತಂಬಿಗೆಯನ್ನು, ಕರುವಿನ ಸಲುವಾಗಿ, ಚೆಲ್ಲಲಿಲ್ಲ.

ತೋಟ ಮತ್ತೆ ಚಿಗುರುವ ಮೊದಲೇ, ಶ್ರಾವಣಕ್ಕೂ ಮುಂಚೆ, ತಾಯಿಯವರು ಲಿಂಗೈಕ್ಯರಾದರು. ಆ ಪತ್ರಿಗಿಡದ ಬುಡದಲ್ಲೇ ಅವರ ಸಮಾಧಿಯಾಯಿತು. ಅಂದಾನೆಪ್ಪ ಅಂಗಡಿಯನ್ನು ಅಳಿಯನಿಗೆ ಬಿಟ್ಟುಕೊಟ್ಟು ಆ ಹೆಡಿಗೆ ಹೊತ್ತ. ಗಿಡ ಸವರಿದ ದಿನ ಮೂರು ಗುಡ್ಡೆ ಮಾಡಿಕೊಂಡು ಕೂಡುತ್ತಿದ್ದ. ಹುಡುಗರು ಹಿಂದಿನಿಂದ, "ಅಂದಾನಿ ಕಸದಾಗೂ ಜಾತಿ ಮಾಡ್ತಾನ!" ಎಂದು ಕೂಗುತ್ತಿದ್ದರು. ಒಂದು ಕಾಲದಲ್ಲಿ ಯಾರಾದರೂ ಒಂದಂದರೆ ಹತ್ತು ತಿರುಗಿಸಿ ಕೊಡುತ್ತಿದ್ದ ಮನುಷ್ಯ. ಆ ಮಾತನ್ನು ಹುಟ್ಟಿಸಿದವನು ತಾನೇ ಎಂದು ಹುಡುಗರಿಗೆ ಹೇಳಲಿಲ್ಲ. ಎಲೆ ಆರಿಸುತ್ತಾ ಇರುತ್ತಿದ್ದ.

ಆ ಕರು ಬೆಳೆದು ಆಕಳಾಗಿ ಕರು ಹಾಕಿದ ವರ್ಷ ಹೊಳೆವ್ವ ಮಡಿಲು ಒಡ್ಡಿಕೊಂಡು ಬಂದಳು. ಅಂದಾನೆಪ್ಪ ಹುಲ್ಲಿನ ಗುಡ್ಡೆಯನ್ನು ಅವಳ ಮುಂದೆ ನೆಲದ ಮೇಲೆ ಹರವಿ, ನಾಲ್ಕು ಹೆಜ್ಜೆ ದೂರ ಸರಿದು, ಕೈಮುಗಿದು ನಿಂತ.

"ನೋಡಿ ಒಯ್ಯವ್ವ" ಅಂದ.

ಅವಳು ಕೂತಳು. ಒಂದೊಂದೇ ಹಿಡಿ ಕೆದಕಿ ನೋಡಿದಳು. ಮೊದಲ ದಿನವೂ ನೋಡಿದಳು, ಮುಂದೆ ಬದುಕಿರುವ ತನಕವೂ ನೋಡಿಯೇ ಒಯ್ದಳು. ಅವಳು ನೋಡಿ ಮುಗಿಸುವ ತನಕ ಅವನು ಕೈ ಇಳಿಸುತ್ತಿರಲಿಲ್ಲ.

ಇಬ್ಬರೂ ಈಗಿಲ್ಲ. ಆದರೆ ತಾಯಿಯವರ ಗದ್ದುಗೆಗೆ ನೀವು ಹೋದರೆ ಕಾಣುತ್ತೀರಿ: ಅಲ್ಲಿ ಹುಲ್ಲು ಕೊಡುವವರು ಮೊದಲು ನೆಲದ ಮೇಲೆ ಹರವುತ್ತಾರೆ, ಆಮೇಲೆ ಕೈಮುಗಿದು ನಿಲ್ಲುತ್ತಾರೆ. ಒಯ್ಯುವವರು ಕೂತು ಕೆದಕಿ ನೋಡುತ್ತಾರೆ. ಅಲ್ಲಿಯ ಮಂಗಳಾರತಿ ಅದೇ. ಆ ತಾಯಿಯ ಕರಿ ಮೆತ್ತಿದ ಸೆರಗಿಗೆ ನಮ್ಮ ತಲೆ ಬಾಗಿರಲಿ.